ಒಲೆಯ ಮುಂದಿನ ವ್ರತ

ಶ್ರಾವಕನ ಧರ್ಮವು ಬಸದಿಯ ಹೊಸ್ತಿಲಲ್ಲಿ ಆರಂಭವಾಗುತ್ತದೆಂದು ಭಾವಿಸುವವರು ಅನೇಕರು. ಪೂರ್ವಾಚಾರ್ಯರು ಹಾಗೆ ಭಾವಿಸಲಿಲ್ಲ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಅಷ್ಟಮೂಲಗುಣಗಳನ್ನು ಎಣಿಸುವಾಗ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಆ ಮೂರರೊಡನೆ ಎರಡು ಬಗೆಯ ಅತ್ತಿ, ಬಸರಿ, ಆಲ, ಅಶ್ವತ್ಥ ಎಂಬ ಐದು ಉದುಂಬರ ಫಲಗಳನ್ನು ಹೇಳಿದರು. ಎಣಿಕೆಯ ಕ್ರಮ ಬೇರೆ ಬೇರೆ. ಆದರೆ ಎರಡರಲ್ಲಿಯೂ ಅಡುಗೆಮನೆಯನ್ನು ಹಾಯದೆ ಮುಂದೆ ಹೋಗಲು ದಾರಿಯಿಲ್ಲ.

ಮಾಂಸವನ್ನು ಮುಟ್ಟದ ಮನೆ ಎಂಬ ಹೆಗ್ಗಳಿಕೆ ದಿಗಂಬರ ಜೈನ ಕುಟುಂಬಗಳಿಗೆ ಹುಟ್ಟಿನಿಂದಲೇ ಬಂದುದಾಗಿದೆ. ಹುಟ್ಟಿನಿಂದ ಬಂದುದಾದ ಕಾರಣದಿಂದಲೇ ಅದು ವ್ರತವೆನಿಸದೆ ಬರಿಯ ರೂಢಿಯಾಗಿ ಉಳಿಯುವ ಭಯವೂ ಇದೆ. ವ್ರತವೆಂದರೆ ತಿಳಿದು, ಸಂಕಲ್ಪಿಸಿ ಬಿಡುವುದು. ತಾನಾಗಿ ಒದಗದಿರುವುದನ್ನು ತಿನ್ನದಿರುವುದು ವ್ರತವಾಗಲಾರದು. ಹಿಂದೆ ಹಳ್ಳಿಯ ಮನೆಯಲ್ಲಿ ಅಭಕ್ಷ್ಯವು ಒಳಗೆ ಬರಬೇಕಾದರೆ ಯಾರಾದರೂ ಅದನ್ನು ಬೇಕೆಂದೇ ತರಬೇಕಾಗಿತ್ತು. ಇಂದು ಅದು ಬಣ್ಣದ ಪೊಟ್ಟಣದಲ್ಲಿ, ಮಕ್ಕಳ ಕೈಯಲ್ಲಿ, ತನ್ನ ಹೆಸರನ್ನು ಮರೆಮಾಚಿಕೊಂಡು ಬರುತ್ತದೆ.

ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಬೊಟ್ಟನ್ನು ನೋಡಿ ನಿಶ್ಚಿಂತರಾಗುವವರು ಬಹಳ. ಆ ಗುರುತು ಉಪಕಾರಿಯೇ. ಮಾಂಸ, ಮೀನು, ಮೊಟ್ಟೆಗಳ ಅಂಶವಿಲ್ಲವೆಂಬುದನ್ನು ಅದು ತಿಳಿಸುತ್ತದೆ. ಆದರೆ ದೇಶದ ಆಹಾರ ನಿಯಮವು ಜೇನುತುಪ್ಪವನ್ನು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿರಿಸಿದೆ. ಆದುದರಿಂದ ಮೂಲಗುಣಗಳಲ್ಲಿಯೇ ನಿಷೇಧಿಸಲ್ಪಟ್ಟ ಮಧುವು ಹಸಿರು ಬೊಟ್ಟಿನ ಅಡಿಯಲ್ಲಿ ನಿರಾತಂಕವಾಗಿ ಮನೆ ಸೇರಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆಗಳ ವಿಷಯ ಹೇಳುವುದೇ ಬೇಡ. ಒಣಹಣ್ಣಿನ ಅಂಗಡಿಯ ಅಂಜೂರವೂ ಅತ್ತಿಯ ಕುಲಕ್ಕೆ ಸೇರಿದುದು. ಅತ್ತಿಯ ಜಾತಿಯ ಹಣ್ಣಿನೊಳಗೆ ಸಣ್ಣ ಕಣಜಗಳು ಹೊಕ್ಕು, ಮೊಟ್ಟೆಯಿಟ್ಟು, ಅಲ್ಲಿಯೇ ಬೆಳೆಯುವುದನ್ನು ಸಸ್ಯಶಾಸ್ತ್ರಜ್ಞರು ವಿಸ್ತಾರವಾಗಿ ವಿವರಿಸಿದ್ದಾರೆ. ಆಚಾರ್ಯರು ಆ ಫಲಗಳನ್ನು ತ್ರಸಜೀವಿಗಳ ಯೋನಿಯೆಂದು ಎಷ್ಟೋ ಶತಮಾನಗಳ ಹಿಂದೆಯೇ ಕರೆದಿದ್ದರು. ಸರ್ಕಾರದ ಗುರುತು ಎಲ್ಲ ಪ್ರಜೆಗಳಿಗಾಗಿ ಮಾಡಿದುದು, ಶ್ರಾವಕನ ಗುರುತು ಅವನ ಸಂಕಲ್ಪದಲ್ಲಿರುವುದು. ಒಂದು ಮತ್ತೊಂದರ ಕೆಲಸವನ್ನು ಮಾಡಲಾರದು.

ಇದೇ ಅಂಗಡಿಗಳಲ್ಲಿ ಈಚೆಗೆ ಸೋಯಾ ಅವರೆಯಿಂದಲೂ ಗೋಧಿಯ ಸತ್ವದಿಂದಲೂ ಮಾಂಸದ ಆಕಾರ, ಮಾಂಸದ ನಾರು, ಮಾಂಸದ ರುಚಿಗಳನ್ನು ತಂದು ಮಾಡಿದ ತಿನಿಸುಗಳು ಬಂದಿವೆ. ಅದರಲ್ಲಿ ಪ್ರಾಣಿಯಿಲ್ಲ, ಆದಕಾರಣ ದೋಷವೇನು ಎಂದು ಮನೆಯ ಯುವಕರು ಕೇಳುತ್ತಾರೆ. ಮಾಂಸದ ರೂಢಿಯುಳ್ಳವನು ಅದನ್ನು ಬಿಡುವುದಕ್ಕೆ ಇದು ಮೆಟ್ಟಿಲಾಗುವುದಾದರೆ ಅವನ ಮಟ್ಟಿಗೆ ಒಳ್ಳೆಯದೇ. ಆದರೆ ಎಂದೂ ತಿನ್ನದವನ ಮನೆಯಲ್ಲಿ ಅದಕ್ಕೇನು ಕೆಲಸ? ಈ ಪ್ರಶ್ನೆಗೆ ಕನ್ನಡ ನಾಡು 1209ರಲ್ಲಿಯೇ ಉತ್ತರವನ್ನು ಪಡೆದಿದೆ. ಜನ್ನನ ಯಶೋಧರ ಚರಿತೆಯಲ್ಲಿ ಉಜ್ಜಯಿನಿಯ ಯಶೋಧರ ಮಹಾರಾಜನು ಜೀವಬಲಿಯನ್ನು ಒಲ್ಲೆನೆನ್ನುತ್ತಾನೆ. ತಾಯಿ ಚಂದ್ರಮತಿಯ ಒತ್ತಾಯವನ್ನು ಮೀರಲಾರದೆ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ಅಲ್ಲಿ ಕಡಿದುದು ಹಿಟ್ಟು. ಕಡಿದೆನೆಂದು ಭಾವಿಸಿದುದು ಕೋಳಿಯನ್ನು. ಆ ಭಾವಕ್ಕಾಗಿ ತಾಯಿಮಕ್ಕಳಿಬ್ಬರೂ ನವಿಲು ನಾಯಿಗಳಾಗಿ ಮೊದಲ್ಗೊಂಡು ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿದರು. ಸೋಮದೇವಸೂರಿಗಳು 959ರಲ್ಲಿ ಯಶಸ್ತಿಲಕದಲ್ಲಿ ಹೇಳಿದುದೂ ಇದೇ ಕಥೆಯನ್ನು. ಸಂಕಲ್ಪವೇ ಹಿಂಸೆಯ ಬೀಜವೆಂದು ಬೋಧಿಸುವುದಕ್ಕೆ ಜೈನ ಕವಿಗಳು ಆಯ್ದುಕೊಂಡ ವಸ್ತು ಅಡುಗೆಮನೆಯ ಹಿಟ್ಟು ಎಂಬುದು ಗಮನಾರ್ಹ. ನಾಲಗೆಗೆ ಮಾಂಸದ ರುಚಿಯನ್ನು ಪರಿಚಯಿಸಿ, ಮನಸ್ಸಿನಿಂದ ಅದರ ಮೇಲಿನ ಹೇಸಿಗೆಯನ್ನು ಅಳಿಸಿದ ಮೇಲೆ ಮಕ್ಕಳನ್ನು ತಡೆಯಲು ಏನು ಉಳಿಯುತ್ತದೆ?

ಇನ್ನು ಒಲೆಯ ಕಡೆಗೆ ಬರಬೇಕು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡತಕ್ಕದ್ದೆಂದು ಹೇಳಿದೆ. ಉಳಿದವುಗಳಲ್ಲಿ ಯತ್ನಾಚಾರವೇ ಅವನ ರಕ್ಷೆ. ಬೀಸುವುದು, ಕುಟ್ಟುವುದು, ಒಲೆ ಹೊತ್ತಿಸುವುದು, ನೀರು ತುಂಬುವುದು, ಗುಡಿಸುವುದು ಎಂಬ ಐದು ಕೆಲಸಗಳನ್ನು ಪಂಚಸೂನಗಳೆಂದು, ಎಂದರೆ ಮನೆಯೊಳಗಿನ ಐದು ವಧಾಸ್ಥಾನಗಳೆಂದು ಕರೆದಿರುವುದು ಕಠೋರವಾಗಿ ಕೇಳಿಸಬಹುದು. ಕಠೋರವಾದರೂ ಅದು ಸತ್ಯ. ಅಡುಗೆ ಮಾಡುವವರ ಕೈಯ ಕೆಳಗೆ ನಿತ್ಯವೂ ಲೆಕ್ಕವಿಲ್ಲದ ಜೀವಗಳಿವೆ. ಕಾಳನ್ನು ಆರಿಸಿ ಹಾಕುವುದು, ಸೊಪ್ಪನ್ನು ಎಲೆಯೆಲೆಯಾಗಿ ಬಿಡಿಸಿ ನೋಡುವುದು, ಒಲೆಯ ಬಳಿ ಇರುವೆ ಹರಿಯದಂತೆ ಒರೆಸುವುದು ಇವೆಲ್ಲ ಅಚ್ಚುಕಟ್ಟುತನವಷ್ಟೇ ಅಲ್ಲ, ಆ ಜೀವಗಳಿಗೆ ಕೊಟ್ಟ ಅಭಯ.

ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ಮನೆಯಲ್ಲಿ ಶುದ್ಧೀಕರಣ ಯಂತ್ರವಿದೆ, ಇನ್ನು ಬಟ್ಟೆಯಲ್ಲಿ ಸೋಸುವುದೇಕೆ ಎಂದು ಕೇಳುವವರಿದ್ದಾರೆ. ಯಂತ್ರವು ಕುಡಿಯುವವನ ಆರೋಗ್ಯವನ್ನು ಕಾಯುತ್ತದೆ. ಎರಡು ಪದರದ ದಪ್ಪ ಬಟ್ಟೆಯಾದರೋ ನೀರಿನಲ್ಲಿರುವ ಜೀವವನ್ನೂ ಕಾಯಲೆಂದು ಹೇಳಿದುದು. ಆದಕಾರಣವೇ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಮೆಲ್ಲಗೆ ನೀರಿನ ಮೂಲಕ್ಕೇ ಮರಳಿಸಬೇಕೆಂಬ ವಿಧಿಯುಂಟಾಯಿತು. ಸೋಸಿದ ನೀರಿಗೆ ಎರಡು ಘಳಿಗೆ, ಎಂದರೆ 48 ನಿಮಿಷಗಳ ಮರ್ಯಾದೆ. ಲವಂಗ ಮುಂತಾದುವನ್ನು ಹಾಕಿ ಪ್ರಾಸುಕ ಮಾಡಿದುದಕ್ಕೆ 6 ಗಂಟೆ. ಚೆನ್ನಾಗಿ ಕುದಿಸಿದುದಕ್ಕೆ 24 ಗಂಟೆ. ಕೆಲಸಕ್ಕೆ ಹೋಗುವವರಿಗೆ ಈ ಮೂರನೆಯದು ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

ಮರ್ಯಾದೆಗಳೆಂದರೆ ಹಿಂದಿನ ಕಾಲದವರು ಬಿಡುವಾಗಿದ್ದುದರಿಂದ ಮಾಡಿಕೊಂಡ ಕಟ್ಟಳೆಗಳೆಂಬ ಆಕ್ಷೇಪಣೆಯಿದೆ. ಇದು ವಿಚಾರಿಸತಕ್ಕ ಮಾತು. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಪರಂಪರೆ ಹೇಳುತ್ತದೆ. ಅಜ್ಜಿಯರು ಈ ಮರ್ಯಾದೆಯನ್ನು ಪಾಲಿಸಲು ಕೋಳಿ ಕೂಗುವ ಮುನ್ನ ಎದ್ದು ಬೀಸುಕಲ್ಲಿನ ಮುಂದೆ ಕುಳಿತರು. ಅವರಿಗೆ ಬಿಡುವಿತ್ತೆಂದು ಹೇಳುವವರು ಬೀಸುಕಲ್ಲಿನ ಗೂಟವನ್ನು ಹಿಡಿದು ನೋಡಿದವರಲ್ಲ. ಇಂದು ಅದೇ ಕೆಲಸವನ್ನು ಮಿಕ್ಸಿಯೂ ಮನೆಯ ಗಿರಣಿಯೂ ನಿಮಿಷಗಳಲ್ಲಿ ಮಾಡಿ ಮುಗಿಸುತ್ತವೆ. ಯಂತ್ರವು ಉಳಿಸಿಕೊಟ್ಟ ಹೊತ್ತು ಎಲ್ಲಿ ಹೋಯಿತೆಂಬುದನ್ನು ಮನೆಯವರೆಲ್ಲ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು.

ಬೇಯಿಸಿದ ಆಹಾರದಲ್ಲಿ ಅನ್ನ, ಬೇಳೆ, ಸಾರುಗಳಂತಹ ನೀರಿನಂಶ ಹೆಚ್ಚಿರುವವುಗಳಿಗೆ 2 ಪ್ರಹರ, ಎಂದರೆ 6 ಗಂಟೆ. ರೊಟ್ಟಿ, ಪೂರಿ ಮುಂತಾದುವಕ್ಕೆ 4 ಪ್ರಹರ, ಎಂದರೆ 12 ಗಂಟೆ. ಈ ಒಂದು ಲೆಕ್ಕವನ್ನು ತಿಳಿದ ಗೃಹಿಣಿಗೆ ದಿನದ ಅರ್ಧ ಗೋಜಲು ಬಿಡಿಸಿದಂತೆಯೇ. ಬೆಳಿಗ್ಗೆ 7 ಗಂಟೆಗೆ ಮಾಡಿದ ಅನ್ನ ಸಾರು ಮಧ್ಯಾಹ್ನ 1 ಗಂಟೆಗೆ ಮುಗಿಯಬೇಕು. ಅದೇ ಹೊತ್ತಿಗೆ ಬಡಿದ ಜೋಳದ ರೊಟ್ಟಿ ಸಂಜೆ 5 ಗಂಟೆಯ ಊಟಕ್ಕೂ ಸಲ್ಲುತ್ತದೆ. ಫ್ರಿಜ್ಜಿನೊಳಗಿಟ್ಟರೆ ಮರ್ಯಾದೆ ಬೆಳೆಯುವುದೆಂಬ ನಂಬಿಕೆಗೆ ಆಧಾರವಿಲ್ಲ. ತಂಪು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲವೆಂದು ವಿಜ್ಞಾನವೂ ಹೇಳುತ್ತದೆ. ಮೂರು ದಿನಗಳ ಹುಳಿಯನ್ನು ಬಿಸಿ ಮಾಡಿ ಬಡಿಸುವ ಮನೆಯಲ್ಲಿ ಮಾಂಸವಿಲ್ಲವೆಂಬುದು ನಿಜ. ಅಹಿಂಸೆ ಅಷ್ಟಕ್ಕೇ ಮುಗಿಯಿತೆಂಬುದು ನಿಜವಲ್ಲ.

ರಾತ್ರಿಯಿಡೀ ಹುಳಿಯಲು ಬಿಟ್ಟ ಇಡ್ಲಿ ದೋಸೆಯ ಹಿಟ್ಟನ್ನು ವ್ರತಿಕರು ಒಲ್ಲರು. ಹಿಟ್ಟು ಉಬ್ಬುವುದೇ ಅದರಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ. ಹಾಗಾದರೆ ಬೆಳಗಿನ ಉಪಾಹಾರಕ್ಕೆ ಗತಿಯೇನು ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಹುಟ್ಟಬಾರದು. ತುಳುನಾಡಿನ ನೀರುದೋಸೆಗೆ ಹುಳಿ ಬರಬೇಕಾಗಿಲ್ಲ. ನೆನೆದ ಅಕ್ಕಿಯನ್ನು ರುಬ್ಬಿ ಆಗಲೇ ಹೊಯ್ಯುವುದು. ಪುಂಡಿ, ಒತ್ತುಶಾವಿಗೆ, ಅಕ್ಕಿರೊಟ್ಟಿ, ಉಪ್ಪಿಟ್ಟು ಎಲ್ಲವೂ ಆ ಹೊತ್ತಿನ ಅಡುಗೆಗಳೇ. ಉಳ್ಳಾಗಡ್ಡಿಯ ಜಾಗಕ್ಕೆ ಇಂಗು, ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ, ಹಸಿ ಶುಂಠಿಯ ಜಾಗಕ್ಕೆ ಒಣ ಶುಂಠಿ ಬಂದರೆ ರುಚಿ ಕೆಡುವುದಿಲ್ಲ. ಹಸಿ ಶುಂಠಿಯನ್ನು ಸಮಂತಭದ್ರಸ್ವಾಮಿಗಳು ಫಲ ಅಲ್ಪ, ಘಾತ ಬಹಳ ಎಂಬ ಕಾರಣದಿಂದ ಬಿಡತಕ್ಕವುಗಳಲ್ಲಿ ಎಣಿಸಿದ್ದಾರೆ. ಅದೇ ಸಾಲಿನಲ್ಲಿ ಬೆಣ್ಣೆಯೂ ಬೇವಿನ ಹೂವೂ ಇವೆಯೆಂಬುದು ಯುಗಾದಿಯ ದಿನ ಬೇವಿನ ಹೂವನ್ನು ಬೆಲ್ಲದೊಡನೆ ಸವಿಯುವ ಎಷ್ಟೋ ಜೈನ ಮನೆಗಳಿಗೆ ತಿಳಿದಂತಿಲ್ಲ. ಮೊಸರು ಮಜ್ಜಿಗೆಗಳೊಡನೆ ಬೇಳೆಕಾಳು ಸೇರಿದರೆ ದ್ವಿದಳದೋಷವೆಂಬುದು ಮಾತ್ರ ಎಲ್ಲರಿಗೂ ತಿಳಿದಿದೆ, ಮದುವೆಯ ಊಟದಲ್ಲಿ ಮೊಸರುವಡೆ ಬಡಿಸುವಾಗ ಮರೆತುಹೋಗುತ್ತದೆ.

ಎಲ್ಲಕ್ಕಿಂತ ಕಷ್ಟವಾಗಿರುವುದು ರಾತ್ರಿಭೋಜನ ತ್ಯಾಗ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಯಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ಜುಲೈ ತಿಂಗಳ ಆರಂಭದಲ್ಲಿ ಸೂರ್ಯನು ಸುಮಾರು 6 ಗಂಟೆ 50 ನಿಮಿಷಕ್ಕೆ ಅಸ್ತಮಿಸಿದರೆ ನವೆಂಬರಿನ ಕೊನೆಯಲ್ಲಿ ಸುಮಾರು 5 ಗಂಟೆ 50 ನಿಮಿಷಕ್ಕೇ ಅಸ್ತಮಿಸುತ್ತಾನೆ. ಎಂದರೆ ಚಳಿಗಾಲದಲ್ಲಿ ಐದು ಗಂಟೆಯ ಹೊತ್ತಿಗೆ ಊಟವಾಗಿರಬೇಕು. ಕಚೇರಿಯ ಗಂಡಸರೂ ಹೆಂಗಸರೂ ಆಗಿನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ. ಮಕ್ಕಳು ಶಾಲೆಯ ಬಸ್ಸಿನಲ್ಲಿರುತ್ತಾರೆ. ಇಲ್ಲಿ ಎರಡು ದಾರಿಗಳು ಕಾಣುತ್ತವೆ: ಆಗದೆಂದು ಕೈಚೆಲ್ಲಿ ರಾತ್ರಿ ಒಂಬತ್ತಕ್ಕೆ ಉಣ್ಣುವುದು ಒಂದು, ರೊಟ್ಟಿ ಪಲ್ಯಗಳ ಎರಡನೆಯ ಡಬ್ಬಿಯನ್ನು ಕಟ್ಟಿಕೊಂಡು ಹೋಗಿ, ಸಹೋದ್ಯೋಗಿಗಳು ಚಹಾ ಕುಡಿಯುವ ಹೊತ್ತಿನಲ್ಲಿ ಉಂಡು ಮುಗಿಸುವುದು ಇನ್ನೊಂದು. ಆದರೆ ಪಲ್ಯದ ನೀರಿನಂಶವನ್ನು ನೋಡಿಕೊಳ್ಳಬೇಕು. ರೊಟ್ಟಿಯ ಮರ್ಯಾದೆ ಅದಕ್ಕೆ ಬರುವುದಿಲ್ಲ. ಬೆಲ್ಲ ತುಪ್ಪಗಳೊಡನೆ ಉಂಡರೆ ಆ ತೊಡಕೂ ಇಲ್ಲ. ಸಮಂತಭದ್ರಸ್ವಾಮಿಗಳು ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕೂ ಬಗೆಯ ಆಹಾರವನ್ನು ರಾತ್ರಿ ಬಿಡುವವನನ್ನು ಆರನೆಯ ಪ್ರತಿಮೆಯಲ್ಲಿರಿಸಿದ್ದಾರೆ. ಮೊದಲ ಮೆಟ್ಟಿಲಿನವನು ಅನ್ನವನ್ನಾದರೂ ಬಿಡಲಿ. ಅಸಾಧ್ಯವಾದ ನಿಯಮವನ್ನು ಹಿಡಿದು ವಾರದೊಳಗೆ ಮುರಿಯುವುದಕ್ಕಿಂತ ಕಾಲದ ಮಿತಿಯಿಟ್ಟು, ಈ ಚಾತುರ್ಮಾಸದವರೆಗೆ ಎಂದು ಹಿಡಿದು ನೆರವೇರಿಸುವುದು ಮೇಲು. ಯಾವಜ್ಜೀವವೆಂಬ ಯಮವೂ ಕಾಲಮಿತಿಯ ನಿಯಮವೂ ಬೇರೆ ಬೇರೆಯಾಗಿ ವಿಧಿಸಲ್ಪಟ್ಟಿರುವುದು ಇದಕ್ಕಾಗಿಯೇ.

ಇಷ್ಟೆಲ್ಲವನ್ನೂ ಪಾಲಿಸುವ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಅತ್ತೆ ವ್ರತಿಕೆ, ಅವರ ಸೋಸಿದ ನೀರು, ಬೇರೆ ಪಾತ್ರೆ, ದಿನದಿನದ ಹಿಟ್ಟು. ಮಗ ಬ್ಯಾಂಕಿನ ಉದ್ಯೋಗಿ. ಸೊಸೆ ಶಾಲೆಯ ಅಧ್ಯಾಪಿಕೆ. ಎರಡು ಮಕ್ಕಳು. ಬೆಳಿಗ್ಗೆ ನಾಲ್ಕೂವರೆಗೆ ಎದ್ದ ಸೊಸೆ ನೀರು ಸೋಸಿ, ಹಿಟ್ಟು ಬೀಸಿ, ರೊಟ್ಟಿ ಬಡಿದು, ನಾಲ್ಕು ಡಬ್ಬಿಗಳನ್ನು ಕಟ್ಟಿ ಎಂಟಕ್ಕೆ ಹೊರಡುತ್ತಾಳೆ. ನಾಲ್ಕಕ್ಕೆ ಮರಳಿದವಳೇ ಸೂರ್ಯಾಸ್ತದೊಡನೆ ಓಡುತ್ತಾ ಮತ್ತೆ ಒಲೆ ಹೊತ್ತಿಸುತ್ತಾಳೆ. ಮನೆಯ ಮಗನು ಮರ್ಯಾದೆಗಳನ್ನೆಲ್ಲ ಬಾಯಿಪಾಠವಾಗಿ ಬಲ್ಲವನು. ರೊಟ್ಟಿ ಎಷ್ಟು ಗಂಟೆಗೆ ಬಡಿದುದೆಂದು ಕೇಳುತ್ತಾನೆ. ಬಡಿಯುವಾಗ ಒಂದು ಕೈ ಹಚ್ಚುವುದಿಲ್ಲ. ಇಂತಹ ಮನೆಗಳು ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ, ಮೈಸೂರಿನಲ್ಲಿ ಎಷ್ಟಿಲ್ಲ! ಹೊರಗಿನವರು ಆ ಮನೆಯ ಆಚಾರವನ್ನು ಹೊಗಳುತ್ತಾರೆ. ಒಳಗೆ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿರುತ್ತವೆ.

ಈ ಮನೆಯ ವ್ರತ ಯಾರದು? ಫಲವನ್ನು ಎಲ್ಲರೂ ಎಣಿಸಿಕೊಳ್ಳುತ್ತಿದ್ದಾರೆ, ಆರಂಭವನ್ನೆಲ್ಲ ಒಬ್ಬಳೇ ಹೊತ್ತಿದ್ದಾಳೆ. ರಾಗಾದಿಗಳು ಉದಿಸುವುದೇ ಹಿಂಸೆ, ಉದಿಸದಿರುವುದೇ ಅಹಿಂಸೆಯೆಂಬ ಅಮೃತಚಂದ್ರಾಚಾರ್ಯರ ಅಭಿಪ್ರಾಯವನ್ನು ಪ್ರವಚನಗಳಲ್ಲಿ ಕೇಳದವರಿಲ್ಲ. ಆ ಅಭಿಪ್ರಾಯವನ್ನು ಈ ಅಡುಗೆಮನೆಗೆ ಅನ್ವಯಿಸಿದರೆ ಏನು ಕಾಣುತ್ತದೆ? ದಣಿದವಳಲ್ಲಿ ಕ್ರೋಧ, ಹೇಳುವವನಲ್ಲಿ ಮಾನ, ಇಬ್ಬರ ನಡುವೆ ಮುಚ್ಚಿಟ್ಟ ಮಾತುಗಳ ಮಾಯೆ. ಪಾತ್ರೆಯಲ್ಲಿರುವ ಆಹಾರ ಪ್ರಾಸುಕ. ಅದನ್ನು ಬೇಯಿಸಿದ ಬೆಂಕಿ ಕಷಾಯದ್ದು. ಹಿಟ್ಟಿನ ಕೋಳಿಯನ್ನು ಕಡಿದಾಗ ಒಂದು ಹನಿ ರಕ್ತವೂ ಬೀಳಲಿಲ್ಲವೆಂಬುದನ್ನು ಇಲ್ಲಿಯೂ ನೆನೆಯಬೇಕು.

ಆಚಾರವನ್ನು ಸಡಿಲಿಸಿದರೆ ಎಲ್ಲ ಸರಿಹೋಗುತ್ತದೆಂದು ಹೇಳುವ ಸುಧಾರಕರೂ ಇದ್ದಾರೆ. ಅವರ ಮಾತಿನಲ್ಲಿ ಕರುಣೆಯಿರಬಹುದು, ವಿವೇಕವಿಲ್ಲ. ಭಾರ ಹೆಚ್ಚಾದಾಗ ಹೊರುವ ಹೆಗಲುಗಳನ್ನು ಹೆಚ್ಚಿಸುವುದು ಮೊದಲ ಉಪಾಯ. ಭಾರವನ್ನು ದಾರಿಯಲ್ಲಿ ಎಸೆಯುವುದು ಕೊನೆಯದು. ನೀರು ಸೋಸುವುದಕ್ಕೆ ಸ್ತ್ರೀಯೇ ಬೇಕೆಂದು ಯಾವ ಶ್ರಾವಕಾಚಾರದಲ್ಲಿಯೂ ಹೇಳಿಲ್ಲ. ಮುನಿಗಳಿಗೆ ಆಹಾರದಾನ ಮಾಡುವಾಗ ಪಡಗಾಹನದಿಂದ ಮೊದಲ್ಗೊಂಡು ನವಧಾಭಕ್ತಿಯನ್ನು ಗಂಡನೂ ಹೆಂಡತಿಯೂ ಕೂಡಿ ನಡೆಸುವುದನ್ನು ಎಲ್ಲರೂ ಕಂಡಿದ್ದಾರೆ. ಆ ದಿನ ಮಡಿಯುಟ್ಟು ಒಲೆಯ ಬಳಿ ನಿಲ್ಲುವ ಪುರುಷನು ಮರುದಿನ ಅಡುಗೆಮನೆಯ ದಾರಿಯನ್ನೇ ಮರೆಯುವುದೇಕೆ? ಹತ್ತು ವರ್ಷದ ಮಗ ಕಾಳನ್ನು ಆರಿಸಬಲ್ಲ. ಆರಿಸುವಾಗ ಹುಳವನ್ನು ಕಂಡು ಕೈಯಲ್ಲಿ ಹಿಡಿದು ಹೊರಗೆ ಬಿಟ್ಟರೆ, ಪಾಠಶಾಲೆಯ ಒಂದು ವರ್ಷದ ಪಾಠ ಅವನಿಗೆ ಅಲ್ಲಿಯೇ ಆಯಿತು. ಅತ್ತೆಯವರ ಕೈಗೆ ಬಲವಿಲ್ಲದಿದ್ದರೂ ಕಣ್ಣಿಗೆ ಅನುಭವವಿದೆ; ಸೊಪ್ಪು ಬಿಡಿಸುವ ಕೆಲಸ ಅವರದಾಗಲಿ.

ಮುನಿಗಳ ಮಾತು ಬಂದುದರಿಂದ ಇನ್ನೊಂದು ಸಂಗತಿ. ದಿಗಂಬರ ಮುನಿಗಳು ದಿನಕ್ಕೆ ಒಮ್ಮೆ, ನಿಂತು, ಕರಪಾತ್ರದಲ್ಲಿ ಸ್ವೀಕರಿಸುವ ಆಹಾರವು ಉದ್ದಿಷ್ಟವಾಗಿರಬಾರದು. ತಮಗಾಗಿಯೇ ಮಾಡಿದುದನ್ನು ಅವರು ತೆಗೆದುಕೊಳ್ಳುವಂತಿಲ್ಲ. ಶ್ರಾವಕನು ತನಗಾಗಿ ಮಾಡಿಕೊಂಡ ಶುದ್ಧಾಹಾರದಲ್ಲಿ ಒಂದು ಭಾಗವನ್ನು ಅತಿಥಿಗೆ ನೀಡಬೇಕೆಂಬುದೇ ಅದರ ತಾತ್ಪರ್ಯ. ಮಹಾರಾಜರು ಊರಿಗೆ ಬಂದಾಗ ಮಾತ್ರ ಹೊಸ ಪಾತ್ರೆ, ಹೊಸ ಹಿಟ್ಟು, ಸೋಸಿದ ನೀರು. ಅವರು ವಿಹಾರ ಮಾಡಿದ ಸಂಜೆಯೇ ಮತ್ತೆ ಹಳೆಯ ಪಾಡು ಎಂಬ ಮನೆಯಲ್ಲಿ ಈ ತಾತ್ಪರ್ಯ ಎಲ್ಲಿ ಉಳಿಯಿತು? ಅದಕ್ಕಿಂತ ದಿನಕ್ಕೊಂದೇ ಹೊತ್ತಾದರೂ ನಿತ್ಯವೂ ಶುದ್ಧವಾಗಿ ಬೇಯುವ ಬಡ ಅಡುಗೆ ಹೆಚ್ಚಿನದು. ಮನೆಗೆಲಸದಿಂದ ಕೂಡಿಬಂದ ಕರ್ಮವನ್ನು ಮನೆಬಿಟ್ಟ ಅತಿಥಿಗಳ ಸತ್ಕಾರವು ತೊಳೆಯುತ್ತದೆಂದು ಸಮಂತಭದ್ರಸ್ವಾಮಿಗಳು ಗೃಹಸ್ಥರಿಗೆ ಕೊಟ್ಟ ಭರವಸೆ ಅಂತಹ ಒಲೆಗೆ ಸಲ್ಲುವುದು.

ಪರ್ವದಿನಗಳಲ್ಲಿ ಭಾರ ಇನ್ನೂ ವಿಪರೀತವಾಗುತ್ತದೆ. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ಉಪವಾಸದ ದಿನ ಐದು ಪಾಪಗಳನ್ನೂ ಅಲಂಕಾರವನ್ನೂ ಆರಂಭವನ್ನೂ ಬಿಡಬೇಕೆಂದು ವಿಧಿಯಿದೆ. ಆರಂಭವೆಂದರೆ ಮನೆಗೆಲಸವೇ. ಆದರೆ ಚತುರ್ದಶಿಯ ದಿನ ಉಪವಾಸವಿರುವ ತಾಯಿ ಉಣ್ಣುವವರಿಗೆ ಅಡುಗೆ, ಏಕಾಶನದವರಿಗೆ ಬೇರೆ ಅಡುಗೆ, ಮಕ್ಕಳಿಗೆ ಡಬ್ಬಿ ಎಂದು ಬೆಳಗಿನಿಂದ ಬೆವರುತ್ತಾಳೆ. ಅವಳಿಗೆ ನಿಜವಾಗಿ ದಕ್ಕಿದುದು ಹಸಿವು ಮಾತ್ರ; ಸ್ವಾಧ್ಯಾಯವಿಲ್ಲ, ಸಾಮಾಯಿಕವಿಲ್ಲ, ಬಸದಿಯಲ್ಲಿ ಕಾಲು ಗಳಿಗೆ ಕುಳಿತಿರುವ ನೆಮ್ಮದಿಯೂ ಇಲ್ಲ. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಅನಾದರವೆಂಬುದೊಂದು. ಹಸಿವಿನ ಸಂಕಟದಿಂದ ಆವಶ್ಯಕಗಳಲ್ಲಿ ಉತ್ಸಾಹ ಕುಗ್ಗುವುದು. ಆ ಅನಾದರ ಅವಳಲ್ಲಿ ಹುಟ್ಟಿದರೆ, ಹುಟ್ಟಿಸಿದವರ ಪಾಲು ಅದರಲ್ಲಿಲ್ಲವೆನ್ನಲಾದೀತೇ? ಕಾರಿತ, ಅನುಮೋದಿತಗಳೆಂಬ ಮಾತುಗಳನ್ನು ಆಗಮವು ಇಂತಹ ಸಂದರ್ಭಗಳಿಗಾಗಿಯೇ ಇಟ್ಟಿದೆ.

ಪರ್ವದಿನದಂದು ಮನೆಯೆಲ್ಲ ಒಂದೇ ಹೊತ್ತು, ಒಂದೇ ಅಡುಗೆಯನ್ನು ಉಣ್ಣುವುದೆಂದು ನಿಶ್ಚಯಿಸಿಕೊಂಡರೆ ಒಲೆಗೂ ವಿಶ್ರಾಂತಿ, ಅವಳಿಗೂ ವಿಶ್ರಾಂತಿ. ಆರೋಗ್ಯ ಸರಿಯಿಲ್ಲದವರೂ, ಗರ್ಭಿಣಿಯರೂ, ಹಾಲುಣಿಸುವ ತಾಯಂದಿರೂ ಶಕ್ತಿಗೆ ತಕ್ಕಂತೆ ರಸತ್ಯಾಗವನ್ನೋ ವಸ್ತುಗಳ ಸಂಖ್ಯೆಯ ಮಿತಿಯನ್ನೋ ಹಿಡಿದರೆ ಸಾಕು. ತಪಸ್ಸನ್ನು ಶಕ್ತಿಯನ್ನು ಮರೆಮಾಚದೆಯೂ ಮೀರದೆಯೂ ಮಾಡಬೇಕಾದುದರಿಂದಲೇ ಷೋಡಶಕಾರಣ ಭಾವನೆಗಳಲ್ಲಿ ಅದಕ್ಕೆ ಶಕ್ತಿತಸ್ತಪವೆಂದು ಹೆಸರಿದೆ. ಮಧುಮೇಹದ ಮಾತ್ರೆಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯುವುದು ಶಕ್ತಿಯ ಮಾತಲ್ಲ, ಪ್ರಮಾದ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಎಷ್ಟೋ ಮನೆಗಳಲ್ಲಿ ಗೃಹಿಣಿಯೇ ಅನಂತ ಚತುರ್ದಶಿಯ ಉಪವಾಸವನ್ನು ಹಿಡಿದಿರುತ್ತಾಳೆ. ಮರುದಿನ ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಅವಳ ಪಾರಣೆ. ಅಂದು ಅವಳು ಜಿನದರ್ಶನಕ್ಕೆ ಹೋಗಿ ಬರುವಷ್ಟರಲ್ಲಿ ಹಾಲನ್ನು ಕಾಯಿಸಿಡುವುದು, ಹೆಸರುಬೇಳೆಯ ತಿಳಿಯಾದ ಕಟ್ಟನ್ನು ಒಣ ಶುಂಠಿ ಜೀರಿಗೆಗಳೊಡನೆ ಕುದಿಸುವುದು, ಮೆತ್ತಗಿನ ಅನ್ನವನ್ನು ಮಾಡಿಡುವುದು ಒಂದು ಗಂಟೆಗಿಂತ ಹೆಚ್ಚಿನ ಕೆಲಸವಲ್ಲ. ಹಾಲು ಬೇರೆ, ಬೇಳೆಯ ಕಟ್ಟು ಬೇರೆಯಾಗಿ ಬಡಿಸಬೇಕೆಂಬುದನ್ನಷ್ಟು ನೆನಪಿಟ್ಟುಕೊಂಡರೆ ಮನೆಯ ಯಜಮಾನನು ಇದನ್ನು ಯಾರನ್ನೂ ಕೇಳದೆ ಮಾಡಬಲ್ಲ. ನೀರನ್ನು ಮಗ ಸೋಸಿಕೊಡಲಿ. ಕ್ಷಮಾವಾಣಿಯ ದಿನ ಬಂದು ಊರವರ ಮನೆಮನೆಗೆ ಹೊರಡುವ ಮೊದಲು ಅವಳ ಎದುರಿಗೆ ಕುಳಿತು ಬಡಿಸುವುದಕ್ಕೆ ಹೊತ್ತಿರುತ್ತದೆ.